ಐದು ಕಿಟಕಿ, ಹತ್ತು ತೂತು

ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಈ ಮನೆಯಲ್ಲಿ ನಾನು ಗೆದ್ದ ಮೊದಲ ವಾದ ಕಿಟಕಿಗಳದ್ದು. ಗೆದ್ದೆ ಅನ್ನುವುದಕ್ಕಿಂತ ಎದುರಿನವರು ದಣಿದರು ಅನ್ನುವುದು ಸರಿ. ಅವರು ದಣಿಯಲು ಎರಡು ಚಳಿಗಾಲ ಹಿಡಿಯಿತು.

ನಮ್ಮದು ಮೂರನೇ ಮಹಡಿಯ ಮನೆ. ಇದ್ದ ಐದು ಕಿಟಕಿಗಳೂ ಮರದವು, ಒಂಟಿ ಗಾಜಿನವು. ಚೌಕಟ್ಟು ಸೊಟ್ಟಗಾಗಿ, ಎಷ್ಟು ಒತ್ತಿ ಮುಚ್ಚಿದರೂ ಒಂದು ಬೆರಳಿನ ಸಂದು ಉಳಿಯುತ್ತಿತ್ತು. ಆ ಸಂದಿಗೆ ಹಳೆಯ ಪತ್ರಿಕೆ ಮಡಚಿ ತುರುಕುವುದು ಮಾವನವರ ಕಾಲದಿಂದ ಬಂದ ಏರ್ಪಾಡು. ಚಳಿಗಾಲದಲ್ಲಿ ಹೀಟರ್ ಹಾಕಿದರೆ ಅರ್ಧ ಶಾಖ ಪತ್ರಿಕೆ ದಾಟಿ ಬೀದಿಗೆ ಹೋಗುತ್ತಿತ್ತು. ಉಳಿದರ್ಧಕ್ಕೆ ಗಾಜು ಬೆವರಿ, ನೀರು ಇಳಿದು ಹಲಗೆಯ ಮೇಲೆ ನಿಲ್ಲುತ್ತಿತ್ತು. ಅತ್ತೆಯ ಕೋಣೆಯಲ್ಲಿ ಬೀರುವಿನ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು. ಬೀರು ಅಲ್ಲಿದ್ದುದೇ ಅದನ್ನು ಮುಚ್ಚಲು.

ಪ್ರತಿ ಬೆಳಿಗ್ಗೆ ಅತ್ತೆ ಐದೂ ಕಿಟಕಿ ಒರೆಸಿ, ಬಟ್ಟೆಯನ್ನು ಲೋಟಕ್ಕೆ ಹಿಂಡಿ, ನೀರು ಅಳೆದು ಹೇಳುತ್ತಿದ್ದರು.

“ಇವತ್ತು ಎರಡೂವರೆ ಲೋಟ.”

ನನ್ನ ಗಂಡ ಹಲ್ಲುಜ್ಜುತ್ತಾ “ಹೂಂ” ಅನ್ನುತ್ತಿದ್ದರು. ನಾನು ಚಹಾಕ್ಕೆ ನೀರಿಡುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಅತ್ತೆ ಮತ್ತು ನನ್ನ ನಡುವೆ ದಿನದ ಮಾತು ಬಹುಮಟ್ಟಿಗೆ ಅಷ್ಟೇ. ನಮಗೆ ಜಗಳವಿರಲಿಲ್ಲ. ಜಗಳವಾಡುವಷ್ಟು ಸಲುಗೆಯೂ ಇರಲಿಲ್ಲ.

ಹಾಗಿದ್ದವಳು ಕಿಟಕಿಯ ವಿಷಯದಲ್ಲಿ ಯಾಕೆ ಹಟ ಹಿಡಿದೆನೋ. ಅತ್ತೆಯ ಕೆಮ್ಮು ಒಂದು ಕಾರಣ. ಇನ್ನೊಂದು, ಕಚೇರಿಯಲ್ಲಿ ಓದಲು ಸಿಕ್ಕ ಒಂದು ಪುಸ್ತಿಕೆ. ಎರಡು ಗಾಜು, ನಡುವೆ ಬಂಧಿಯಾದ ಒಣ ಗಾಳಿ; ಒಳಗಿನ ಗಾಜು ತಣ್ಣಗಾಗುವುದಿಲ್ಲ, ಹಾಗಾಗಿ ಬೆವರುವುದೂ ಇಲ್ಲ ಎಂದು ಅದರಲ್ಲಿತ್ತು. ಇಷ್ಟು ನೆಮ್ಮದಿಯ ವಾಕ್ಯವನ್ನು ನಾನು ಬಹಳ ದಿನಗಳಿಂದ ಓದಿರಲಿಲ್ಲ.

ಕೊನೆಯ ವಾದ ಒಂದು ಭಾನುವಾರ ನಡೆಯಿತು. ಎರಡು ಬೀದಿ ಆಚೆ ಇರುವ ನಾದಿನಿ ಬಂದಿದ್ದಳು.

“ಅತ್ತಿಗೆ, ಕಿಟಕಿ ಅಂದ್ಮೇಲೆ ಗಾಳಿ ಬರಲೇಬೇಕಲ್ವಾ? ಬರದೇ ಇದ್ರೆ ಅದು ಗೋಡೆ,” ಎಂದಳು.

“ಬೇಕಾದಾಗ ಬರಬೇಕು. ಇದು ಕರೆಯದೇ ಬರೋ ನೆಂಟರ ಥರ ಬರ್ತಿದೆ.”

ಕರೆಯದೇ ಬಂದಿದ್ದ ನಾದಿನಿ ಇನ್ನೊಂದು ಬಿಸ್ಕತ್ತು ತೆಗೆದುಕೊಂಡಳು.

“ನಲವತ್ತು ವರ್ಷದಿಂದ ಇರೋ ಕಿಟಕಿ. ನಮ್ಮನ್ನೇನು ತಿಂದುಹಾಕ್ತಾ?” ಎಂದರು ಅತ್ತೆ. ಅಷ್ಟು ಹೇಳುವುದರೊಳಗೆ ಎರಡು ಸಲ ಕೆಮ್ಮಿದರು.

“ತಿಂತಾ ಇದೆ, ನಿಧಾನಕ್ಕೆ,” ಎಂದೆ.

ಎಲ್ಲರೂ ನನ್ನ ಮುಖ ನೋಡಿದರು. ಆ ನೋಟದಲ್ಲೇ ನಾನು ಅಗತ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋದೆ. “ಹೊಸ ಕಿಟಕಿ ಹಾಕಿಸಿದ ಮೇಲೆ ಒಂದು ಹನಿ ನೀರು ಒಳಗೆ ಕಂಡರೆ, ಈ ಮನೆ ವಿಷಯದಲ್ಲಿ ನಾನಿನ್ನು ಬಾಯಿ ಬಿಡಲ್ಲ. ಆಯ್ತಾ?”

“ಸಾಕ್ಷಿಗೆ ನಾನಿದ್ದೀನಿ,” ಎಂದಳು ನಾದಿನಿ, ಬಿಸ್ಕತ್ತಿನ ಪುಡಿ ಒರೆಸಿಕೊಳ್ಳುತ್ತಾ.

ಕಿಟಕಿ ಕೂರಿಸಲು ಬಂದವನು ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಕೈಯಲ್ಲಿ ಸದಾ ಮಟ್ಟ ನೋಡುವ ರಸಮಟ್ಟ. ಅದರ ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ನಿಲ್ಲುವವರೆಗೆ ಅವನು ಉಸಿರನ್ನೂ ಬಿಡುವಂತೆ ಕಾಣುತ್ತಿರಲಿಲ್ಲ. ಒಮ್ಮೆ ನಮ್ಮ ಊಟದ ಮೇಜಿನ ಮೇಲೂ ಅದನ್ನಿಟ್ಟು ನೋಡಿ, ಏನೂ ಹೇಳದೆ ಎತ್ತಿಕೊಂಡ. ಆಮೇಲೆ ಒಂದು ವಾರ ನಮಗೆಲ್ಲ ತಟ್ಟೆ ಜಾರಿದಂತೆ ಅನ್ನಿಸುತ್ತಿತ್ತು. ನಾವು ಅವನನ್ನು ರಸಮಟ್ಟ ಎಂದೇ ಕರೆಯತೊಡಗಿದೆವು.

ಮೂರು ದಿನದಲ್ಲಿ ಐದು ಕಿಟಕಿ ಕೂತವು. ಚೌಕಟ್ಟಿನ ಸುತ್ತ ನೊರೆ ತುಂಬಿ, ಹೊರಗೆ ಸಂದು ಮುಚ್ಚುವ ಸಿಲಿಕೋನ್ ಅಂಟು ಎಳೆದು, ಉಳಿದ ಅರ್ಧ ಕೊಳವೆ ಸಿಲಿಕೋನನ್ನು ನಮಗೇ ಬಿಟ್ಟ. ಕೊನೆಯ ದಿನ ಕಿಟಕಿಗಳನ್ನು ನೋಡಿಕೊಳ್ಳುವ ಬಗೆಯನ್ನು ನನ್ನ ಗಂಡನಿಗೆ ವಿವರಿಸಿದ. ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಎರಡು ಚಳಿಗಾಲ ಕಿಟಕಿಗಾಗಿ ಹೋರಾಡಿದ ನಾನು ಆ ಹೊತ್ತಿಗೆ ಅಡುಗೆಮನೆಯಲ್ಲಿ ಅವನಿಗೆ ಚಹಾ ಸೋಸುತ್ತಿದ್ದೆ.

“ಏನಂದ?” ಎಂದು ಆಮೇಲೆ ಕೇಳಿದೆ.

“ಚೆನ್ನಾಗಿ ನೋಡ್ಕೊಳ್ಳಿ ಅಂದ,” ಎಂದರು ಇವರು.

ಮನೆ ಬೆಚ್ಚಗಾಯಿತು. ಬೀದಿಯ ಸದ್ದು ಅಳತೆಗೆ ಬಂತು. ಬೀರುವನ್ನು ಕೋಣೆಯ ನಡುವಿಗೆ ಎಳೆದು ಗೋಡೆಯ ಬೂಷ್ಟು ಕೆರೆದು ಬಣ್ಣ ಬಳಿದೆವು. ಅತ್ತೆ ಮಾತ್ರ ಹಿಂದಿನಂತೆ ಬೆಳಿಗ್ಗೆ ಬಟ್ಟೆ ಹಿಡಿದು ಐದೂ ಕಿಟಕಿಗೆ ಹೋಗಿ ಬರುತ್ತಿದ್ದರು. ಒಣ ಗಾಜು ಒರೆಸಿ, ಒಣ ಬಟ್ಟೆ ಹಿಂಡಿ, “ಸೊನ್ನೆ” ಎನ್ನುತ್ತಿದ್ದರು. ನಾಲ್ಕು ದಿನ ಹೇಳಿದರು. ಐದನೇ ದಿನದಿಂದ ಹೇಳಲಿಲ್ಲ. ಗೆದ್ದವಳು ನಾನು; ಅವರು ಹೇಳುವುದು ನಿಲ್ಲಿಸಿದ್ದನ್ನು ಗಮನಿಸಿದೆ, ಅಷ್ಟೇ.

ನಾದಿನಿ ಕಿಟಕಿ ನೋಡಲು ಬರುವ ಹಿಂದಿನ ದಿನ, ರಜೆ ಹಾಕಿ ಗಾಜು ಉಜ್ಜಲು ನಿಂತೆ. ಕಿಟಕಿ ತೆರೆದಾಗ ಚೌಕಟ್ಟಿನ ಕೆಳಪಟ್ಟಿಯ ಉದ್ದಕ್ಕಿದ್ದ ಕಾಲುವೆಯಲ್ಲಿ ಎರಡು ತೂತು ಕಂಡವು. ಕಡಲೆಬೇಳೆಯಷ್ಟಗಲ, ಸ್ವಲ್ಪ ಉದ್ದಕ್ಕೆ. ಉಳಿದ ಕಿಟಕಿಗಳಲ್ಲೂ ಎರಡೆರಡು. ಶಾಖ ಸೋರದಿರಲಿ ಎಂದು ಹಾಕಿಸಿದ ಕಿಟಕಿಗೆ ಹತ್ತು ತೂತು. ನಾದಿನಿಯ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ರಸಮಟ್ಟನಿಗೆ ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ಕೇಳಿದರೆ ಅತ್ತೆಗೆ ಕೇಳಿಸುತ್ತದೆ. ಅರ್ಧ ಕೊಳವೆ ಸಿಲಿಕೋನ್ ಮನೆಯಲ್ಲೇ ಇತ್ತು. ಮಧ್ಯಾಹ್ನದೊಳಗೆ ಹತ್ತನ್ನೂ ತುಂಬಿ, ಬೆರಳಿಗೆ ಸೋಪಿನ ನೀರು ಮುಟ್ಟಿಸಿಕೊಂಡು ಸಮಮಾಡಿದೆ. ಇಷ್ಟು ಅಚ್ಚುಕಟ್ಟಾಗಿ ಯಾವ ಕೆಲಸವನ್ನೂ ನಾನು ಮಾಡಿರಲಿಲ್ಲ.

ನಾದಿನಿ ಬಂದಳು, ನೋಡಿದಳು. “ಪರವಾಗಿಲ್ಲ” ಎಂದಳು. ಅದು ಅವಳ ಮಟ್ಟಿಗೆ ಚಪ್ಪಾಳೆ.

ಹತ್ತು ದಿನದ ಮೇಲೆ ಗಾಳಿ ಸಮೇತ ಜೋರು ಮಳೆ ಬಂತು. ಮರುದಿನ ಬೆಳಿಗ್ಗೆ ಅತ್ತೆಯ ದನಿ ಕೇಳಿಸಿತು.

“ಮುಕ್ಕಾಲು ಲೋಟ.”

ಆ ದನಿಯಲ್ಲಿ ಉತ್ಸಾಹವಿತ್ತು ಎಂದು ಇವತ್ತಿಗೂ ಹೇಳಬಲ್ಲೆ. ಅವರ ಕೋಣೆಯ ಕಿಟಕಿಯ ಕೆಳಗೆ ಹೊಸ ಬಣ್ಣದ ಮೇಲೆ ಒದ್ದೆಯ ನಾಲಿಗೆ ಇಳಿದಿತ್ತು. ನಾನು ಅದನ್ನು ನೋಡಿ, ಅಡುಗೆಮನೆಗೆ ಹೋಗಿ, ಬಾಯಿ ಮುಚ್ಚಿದೆ.

ಮುಂದಿನ ನಾಲ್ಕು ದಿನ ಮಾತಿಗೆ ತಪ್ಪದೆ ನಡೆದುಕೊಂಡೆ. “ಬೀರು ಯಾವ ಕಡೆಗೆ ಹಾಕೋಣ?” ಎಂದರು ಇವರು. “ನಿಮ್ಮಿಷ್ಟ,” ಎಂದೆ. ಅವರು ಅದನ್ನು ಹೀಟರಿಗೆ ಅಡ್ಡವಾಗಿ ಇಟ್ಟರು. “ಇಲ್ಲಿ ಸರಿ ಅಲ್ವಾ?” “ನಿಮ್ಮಿಷ್ಟ.” ಬೀರು ಬೆಚ್ಚಗಿತ್ತು, ನಾವು ನಡುಗಿದೆವು. ನನಗೆ ದುಃಖವಾಗಬೇಕಿತ್ತು. ಆಗಿದ್ದು ವಿಚಿತ್ರವಾದ ಪರಿಚಯ. ಈ ಮೌನದಲ್ಲಿ ನಾನು ಮೊದಲೇ ಇಪ್ಪತ್ತು ವರ್ಷ ಬಾಳಿದ್ದೆ. ಯಾವ ಸಾಮಾನು ಎಲ್ಲಿದೆ ಎಂದು ಕತ್ತಲಲ್ಲೂ ಗೊತ್ತಿತ್ತು.

ಐದನೇ ದಿನ ಮಧ್ಯಾಹ್ನ, ಇವರು ಕರೆದಿದ್ದಕ್ಕೆ ರಸಮಟ್ಟ ಬಂದ. ಚೌಕಟ್ಟಿನ ಮೇಲೆ ತನ್ನ ಉಪಕರಣವಿಟ್ಟ. ಗುಳ್ಳೆ ನಡುವೆಯೇ ಇತ್ತು. ಕಿಟಕಿ ತೆರೆದ. ಕೆಳಗಿನ ಕಾಲುವೆಯಲ್ಲಿ ನೀರು ತುಂಬಿ ನಿಂತಿತ್ತು. ಅವನು ಬಗ್ಗಿ, ಉಗುರಿನಿಂದ ಕೆರೆದು, ಹಲ್ಲು ಕಿತ್ತಂತೆ ಬಿಳಿಯ ಸಿಲಿಕೋನ್ ಗುಂಡೊಂದನ್ನು ಹೊರತೆಗೆದ. ಗೊಳಗೊಳ ಸದ್ದಾಗಿ ನೀರು ಹೊರಗೆ ಇಳಿದುಹೋಯಿತು.

“ಇದನ್ನ ಯಾರು ಮುಚ್ಚಿದ್ದು?” ಎಂದ. “ಇದು ಕಿಟಕಿಯ ಮೋರಿ. ಮಳೆ ನೀರು ಸ್ವಲ್ಪ ಒಳಗೆ ಬಂದೇ ಬರುತ್ತೆ. ವಾಪಸ್ ಹೋಗೋಕೆ ದಾರಿ ಬೇಕಲ್ಲ. ಅವತ್ತು ಹೇಳಿದ್ನಲ್ಲ ಸಾರ್.”

“ಹೌದು, ಹೇಳಿದ್ರಿ,” ಎಂದರು ಇವರು. ಏನೂ ನೆನಪಿಲ್ಲದ ಗಂಡಸು ಹೇಗೆ ತಲೆಯಾಡಿಸುತ್ತಾನೋ ಹಾಗೆ ತಲೆಯಾಡಿಸಿದರು.

ಎಲ್ಲರೂ ಬಿಳಿ ಗುಂಡನ್ನು ನೋಡುತ್ತಿದ್ದೆವು. ನೀರು ಒಳಗೆ ಬಂದದ್ದಷ್ಟೇ ಅಲ್ಲ, ಅದನ್ನು ಕರೆದವಳೂ ನಾನೇ. ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಕುರ್ಚಿಯಿಂದ ಮಾತು ಬಂತು.

“ನಾನು ಮುಚ್ಚಿದ್ದು. ಇರುವೆ ಬರ್ತಿತ್ತು.”

“ಮೂರನೇ ಮಹಡಿಗೆ ಇರುವೆನಾ ಅಮ್ಮಾ?”

“ಹತ್ತಿ ಬರ್ತವೆ. ಅವಕ್ಕೇನು ಬೇರೆ ಕೆಲಸ.”

ರಸಮಟ್ಟ ಗುಂಡನ್ನು ತಿರುಗಿಸಿ ನೋಡಿದ. “ಕೈ ಚೆನ್ನಾಗಿದೆ. ನಮ್ಮ ಕೆಲಸದವರಿಗೂ ಇಷ್ಟು ನೀಟಾಗಿ ಬರಲ್ಲ,” ಎಂದ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವ ಅತ್ತೆ, ನಡುಗುವ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು, ಹೊಗಳಿಕೆಯನ್ನು ಒಪ್ಪಿಕೊಂಡರು.

ಅವನು ಹತ್ತೂ ತೂತು ಬಿಡಿಸಿದ. ಹೋಗುವಾಗ, ಮನೆ ಈಗ ಬಿಗಿಯಾಗಿದೆ, ದಿನಕ್ಕೆರಡು ಸಲ ಹತ್ತು ನಿಮಿಷ ಕಿಟಕಿ ತೆರೆಯಿರಿ ಎಂದ. ಸ್ನಾನದ ಹಬೆ ಎಳೆಯಲು ಬಚ್ಚಲಿಗೊಂದು ಫ್ಯಾನ್ ಇದ್ದರೆ ಒಳ್ಳೆಯದು ಎಂದೂ ಹೇಳಿದ. ಈ ಸಲ ನಾನು ಚಹಾ ಮಾಡಲಿಲ್ಲ. ನಿಂತು ಕೇಳಿಸಿಕೊಂಡೆ.

ಅವನು ಹೋದ ಮೇಲೆ ಅತ್ತೆಯ ಪಕ್ಕ ಕೂತೆ.

“ನಾನು ಮುಚ್ಚಿದ್ದು ನೀವು ನೋಡಿದ್ರಾ?”

“ನೋಡಿದೆ.”

“ಅದು ಯಾಕಿದೆ ಅಂತ ಅವನು ಹೇಳುವಾಗ ನೀವು ಇಲ್ಲೇ ಕೂತಿದ್ರಲ್ಲ. ಯಾಕೆ ತಡೀಲಿಲ್ಲ?”

“ನೀನು ಪುಸ್ತಕ ಓದಿದವಳು. ಅವನಿಗಿಂತ ಹೆಚ್ಚು ತಿಳಿದೇ ಮಾಡ್ತಿದ್ದೀಯ ಅಂದ್ಕೊಂಡೆ.”

“ಮತ್ತೆ ಈಗ ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?”

“ಎರಡು ವರ್ಷ ನೀನು ಕಿಟಕಿ ವಿಷಯಕ್ಕೆ ನನ್ನ ಹತ್ರ ಜಗಳ ಆಡಿದೆ. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ನೀನು ಬರೀ ಪಾತ್ರೆ ಹತ್ರ ಮಾತಾಡ್ತಿದ್ದೆ. ಮತ್ತೆ ನೀನು ಬಾಯಿ ಮುಚ್ಚಿದ್ರೆ ನಂಗೆ ಯಾರಿದ್ದಾರೆ? ನನ್ನ ಮಗ ಹೂಂ ಅಂತಾನೆ.” ಸೂಜಿ ಕೈಗೆತ್ತಿಕೊಂಡು, “ನೀನು ಹಟ ಮಾಡ್ಲಿ ಅಂತಾನೇ ನಾನು ಬೇಡ ಅಂತಿದ್ದಿದ್ದು. ಕಿಟಕಿ ಚೆನ್ನಾಗೇ ಇದೆ,” ಎಂದರು.

ಅವರ ಸೂಜಿಗೆ ದಾರ ಪೋಣಿಸಿಕೊಟ್ಟೆ. ಅವರು ಕೇಳಿರಲಿಲ್ಲ.

ಮುಂದಿನ ಭಾನುವಾರ ನಾದಿನಿ ಬಂದಳು. ಸುದ್ದಿ ಅವಳಿಗೆ ಮೊದಲೇ ತಲುಪಿತ್ತು. “ಏನಮ್ಮಾ, ಇರುವೆಗೆ ಹೆದರಿ ಮೋರಿ ಮುಚ್ಚಿದ್ಯಂತೆ. ಅತ್ತಿಗೆ ಬಚಾವಾದ್ರು. ನಿನಗಿನ್ನು ಹೊಸ ಸಾಮಾನು ಮುಟ್ಟೋಕೆ ಬಿಡಬಾರದು,” ಎಂದು ನಕ್ಕಳು. ಅತ್ತೆ ಸುಮ್ಮನೆ ಬಿಸ್ಕತ್ತಿನ ಡಬ್ಬ ಅವಳ ಕಡೆ ತಳ್ಳಿದರು.

“ನಾನು ಮುಚ್ಚಿದ್ದು,” ಎಂದೆ.

ನಾದಿನಿಯ ಕೈ ಡಬ್ಬದಲ್ಲೇ ನಿಂತಿತು. ಇವರು ಪತ್ರಿಕೆ ಕೆಳಗಿಳಿಸಿದರು. ಅತ್ತೆ ನನ್ನತ್ತ, ಬೆಲೆಯ ಪಾತ್ರೆ ಒಡೆದವಳನ್ನು ನೋಡುವಂತೆ ನೋಡಿದರು.

“ಹತ್ತನ್ನೂ ನಾನೇ ಮುಚ್ಚಿದ್ದು. ಯಾಕಿದೆ ಅಂತ ಗೊತ್ತಿರಲಿಲ್ಲ. ಕೇಳೋಕೆ ನಾಚಿಕೆ ಆಯ್ತು.”

“ಹಾಗಾದ್ರೆ ಅತ್ತಿಗೆ,” ನಾದಿನಿ ಸಾವರಿಸಿಕೊಂಡಳು, “ನಾನು ಸಾಕ್ಷಿ. ನೀವು ಇನ್ನು ಈ ಮನೆ ವಿಷಯದಲ್ಲಿ ಬಾಯಿ ಬಿಡೋ ಹಾಗಿಲ್ಲ.”

ಈ ಮನೆಗೆ ಇವರು ಮೂರು ಸಲ ತಪ್ಪು ಗೀಸರ್ ತಂದಿದ್ದಾರೆ. ಮೂರನೆಯದು ಈಗಲೂ ಬಚ್ಚಲಲ್ಲಿ ರೈಲಿನಂತೆ ಕೂಗುತ್ತದೆ. ನಾಲ್ಕನೆಯದು ಯಾವುದು ತರಬೇಕೆಂದು ಇವರು ಮೊನ್ನೆ ತಾನೇ ಹೇಳುತ್ತಿದ್ದರು. ತಪ್ಪಾದರೆ ಬಾಯಿ ಮುಚ್ಚುತ್ತೇನೆ ಎಂಬ ಮಾತನ್ನು ಯಾರೂ ಇವರಿಂದ ತೆಗೆದುಕೊಂಡಿರಲಿಲ್ಲ; ಇವರೂ ಕೊಟ್ಟಿರಲಿಲ್ಲ. ಅಂಥದ್ದೊಂದು ಕೊಡಬೇಕು ಎಂದು ಹೊಳೆದದ್ದು ನನಗೊಬ್ಬಳಿಗೇ.

“ಬಾಯಿ ಬಿಡ್ತೀನಿ,” ಎಂದೆ. “ಬಚ್ಚಲಿಗೆ ಫ್ಯಾನ್ ಹಾಕಿಸಬೇಕು. ಬೀರು ಹೀಟರ್ ಮುಂದಿನಿಂದ ತೆಗೀಬೇಕು. ಇವತ್ತೇ.”

“ಫ್ಯಾನ್ ಏನೂ ಬೇಡ,” ಎಂದರು ಅತ್ತೆ ತಕ್ಷಣ, ಕುರ್ಚಿಯಲ್ಲಿ ಸರಿಯಾಗಿ ಕೂತು. “ನಲವತ್ತು ವರ್ಷ ಹಬೆ ನಮ್ಮನ್ನೇನು ಮಾಡಿದೆ?”

ಇವರು ಎದ್ದು ಹೋಗಿ, ಯಾರೂ ಸಹಾಯ ಕೇಳುವ ಮೊದಲೇ, ಬೀರು ಎಳೆಯತೊಡಗಿದರು. ನಾದಿನಿ ತನ್ನ ಸಾಕ್ಷಿ ಕೇಳುವವರು ಯಾರೂ ಇಲ್ಲದೆ ಬಿಸ್ಕತ್ತು ತಿಂದಳು.

ಫ್ಯಾನಿನ ವಾದ ಇನ್ನೂ ನಡೆದಿದೆ. ನಿನ್ನೆ ಸಂಜೆ ಮತ್ತೆ ಗಾಳಿಮಳೆ ಬಂತು. ನಾನೂ ಅತ್ತೆಯೂ ಅವರ ಕೋಣೆಯ ಕಿಟಕಿಯ ಬಳಿ ನಿಂತು ನೋಡಿದೆವು. ಗಾಜಿನಾಚೆ, ಕೆಳಗಿನ ಎರಡು ತೂತುಗಳಿಂದ ನೀರು ತೆಳ್ಳಗೆ ಹೊರಗಿಳಿಯುತ್ತಿತ್ತು. ಒಳಗಿನ ಹಲಗೆ ಒಣಗಿತ್ತು. ಅತ್ತೆಯ ಕೈಯಲ್ಲಿ ಅಭ್ಯಾಸಬಲದಿಂದ ಬಟ್ಟೆಯಿತ್ತು.

“ಎಷ್ಟು ಲೋಟ ಇರಬಹುದು?” ಎಂದೆ.

“ಹೊರಗಿನ ನೀರು ನಾನು ಅಳೆಯಲ್ಲ,” ಎಂದರು.