ಸೇತುವೆಗೆ ಕೊಟ್ಟ ಮೂರು ಗಂಟೆ

ಅಪ್ಪನ ಸಮವಸ್ತ್ರದ ಕೊನೆಯ ಗುಂಡಿ ಎಷ್ಟು ಎಳೆದರೂ ಕಾಜದೊಳಗೆ ಹೋಗಲಿಲ್ಲ.

"ಹೊಟ್ಟೆ ಬಿಟ್ಟಿದ್ದಾನೆ, ಬಿಡಮ್ಮ. ಇವತ್ತಾದ್ರೂ ಆರಾಮಾಗಿರ್ಲಿ," ಎಂದರು ಚಿಕ್ಕಪ್ಪ. ಮಗಳು ಅಳುತ್ತಲೇ ನಕ್ಕಳು.

ಅಪ್ಪ ತೊಂಬತ್ತೊಂದು ವರ್ಷ ಬಾಳಿ, ನಿನ್ನೆ ಬೆಳಗಿನ ಕಾಫಿ ಕುಡಿದು, ಪತ್ರಿಕೆ ಮಡಚಿಟ್ಟು ಕಣ್ಣು ಮುಚ್ಚಿದ್ದರು. ಸೇನೆಯಲ್ಲಿ ಮೇಜರ್ ಆಗಿದ್ದವರು. ಯುದ್ಧದ ವರ್ಷ ಪ್ರಧಾನಿಯ ಕಚೇರಿಯಲ್ಲಿದ್ದರು. ಅಲ್ಲೇನು ಮಾಡ್ತಿದ್ರಿ ಎಂದು ಮಗಳು ಕೇಳಿದಾಗಲೆಲ್ಲ ಒಂದೇ ಉತ್ತರ: "ನಕ್ಷೆಗೆ ಗುಂಡುಸೂಜಿ ಚುಚ್ತಿದ್ದೆ."

ಹತ್ತು ಗಂಟೆಗೆ ಒಬ್ಬ ಮುದುಕಿ ಕೋಲೂರಿಕೊಂಡು ಬಂದರು. ಆ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರಂತೆ. ಮಗಳು ಕುರ್ಚಿ ಹಾಕಿ, ಗುಂಡುಸೂಜಿಯ ಮಾತು ತೆಗೆದಳು.

"ಅಷ್ಟೇನಾ ಹೇಳಿದ್ದು?" ಎಂದರು ಮುದುಕಿ. "ನಾನೂ ಅದೇ ಕೋಣೇಲಿದ್ದೆ ಕಣಮ್ಮ."

*

ಯುದ್ಧದ ಹನ್ನೊಂದನೇ ದಿನ. ಬೆಳಿಗ್ಗೆ ಒಂಬತ್ತಕ್ಕೆ ನದಿಯ ಸೇತುವೆಯನ್ನು ಸಿಡಿಸುವ ಆಜ್ಞೆ ಸಹಿಗೆ ಸಿದ್ಧವಾಗಿತ್ತು. ಮಂತ್ರಿಗಳೆಲ್ಲ ಒಪ್ಪಿಯಾಗಿತ್ತು. ಪ್ರಧಾನಿ ಪೆನ್ನಿನ ಮುಚ್ಚಳ ತೆಗೆದವರು, ಗೋಡೆಯ ಬಳಿ ನಿಂತಿದ್ದ ಮೇಜರ್ ಕಡೆ ತಿರುಗಿದರು.

"ನೀವೇನಂತೀರಿ?"

"ಆಚೆ ದಡದಲ್ಲಿ ಇನ್ನೂ ಎರಡು ಸಾವಿರ ಜನ ನಮ್ಮವರಿದ್ದಾರೆ, ಸರ್. ಮಧ್ಯಾಹ್ನದವರೆಗೆ ಕಾಯಬೇಕು."

ರಕ್ಷಣಾ ಮಂತ್ರಿ ಕೆಂಡವಾದರು. "ಅಷ್ಟರೊಳಗೆ ಶತ್ರು ಬಂದ್ರೆ?"

"ತಪ್ಪು ನನ್ನದು ಅಂತ ಬರ್ಕೊಳ್ಳಿ."

ಪ್ರಧಾನಿ ಟೈಪಿಸ್ಟ್ ಕಡೆ ನೋಡಿದರು. "ಹನ್ನೆರಡು ಅಂತ ತಿದ್ದಿ, ಅಮ್ಮ. ತಪ್ಪು ಯಾರದು ಅನ್ನೋ ಕಡೆ ನನ್ನ ಹೆಸರು ಹಾಕಿ. ಅವರದಲ್ಲ."

ಆ ಮೂರು ಗಂಟೆ ಆ ಕೋಣೆಯಲ್ಲಿ ಯಾರೂ ಕೂರಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಫೋನ್ ಬಂತು: ಕೊನೆಯ ಗಾಡಿಯೂ ದಾಟಿದೆ. ಪ್ರಧಾನಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುಸಿದು ಕುಳಿತರು. ಮೇಜರ್ ಒಂದು ಲೋಟ ನೀರು ತಂದಿಟ್ಟು, ಮತ್ತೆ ಗೋಡೆಯ ಬಳಿ ಹೋಗಿ ನಿಂತರು.

*

"ಲೋಟ ನೆಟ್ಟಗೆ ಇಡೋಕೂ ಆಗ್ಲಿಲ್ಲ ನಿಮ್ಮಪ್ಪಂಗೆ. ಅರ್ಧ ನೀರು ಮೇಜಿನ ಮೇಲೆ. ನಾನೇ ಒರೆಸಿದ್ದು," ಎಂದು ಮುದುಕಿ ನಕ್ಕರು.

ಚಿಕ್ಕಪ್ಪನಿಗೆ ನಂಬಿಕೆಯೇ ಬರಲಿಲ್ಲ. "ಮನೇಲಿ ಟಿವಿ ಚಾನೆಲ್ ಬದಲಾಯಿಸೋಕೂ ಅತ್ತಿಗೇನ ಕೇಳ್ತಿದ್ದ ನಮ್ಮಣ್ಣ."

ಮಗಳು ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. ಅದೇ ಮುಖ.

ಶವಪೆಟ್ಟಿಗೆ ಹೊರಟಿತು. ಆರು ಸಿಪಾಯಿಗಳು ಹೆಗಲು ಕೊಟ್ಟರು, ಮುಂದೊಬ್ಬ ಅಧಿಕಾರಿ. ಕಾರಿನಲ್ಲಿ ಬನ್ನಿ ಎಂದರೆ ಮುದುಕಿ ಕೇಳಲಿಲ್ಲ. ಮಗಳು ಅವರ ತೋಳು ಹಿಡಿದು ನಡೆದಳು. ಗೇಟು ದಾಟುವಷ್ಟರಲ್ಲಿ ಇಬ್ಬರೂ ಹಿಂದೆ ಬಿದ್ದರು. ಅಧಿಕಾರಿ ತಿರುಗಿ ನೋಡಿ ಮೆಲ್ಲಗೆ ಏನೋ ಹೇಳಿದ. ಆರು ಜೊತೆ ಬೂಟುಗಳ ಹೆಜ್ಜೆ ಸಣ್ಣದಾಯಿತು. ಇಡೀ ಮೆರವಣಿಗೆ ಆ ಕೋಲಿನ ಲಯಕ್ಕೆ ನಡೆಯತೊಡಗಿತು.