ಜುಬೇದಾಳಿಗೆ ಮೂರು ದಿನದ ಕೊಪ್ಪಳ

ಕೊಪ್ಪಳದಲ್ಲಿ ನೋಡುವಂಥದ್ದು ಏನಿದೆ ಎಂದು ಟಾಂಗಾ ಹೊಡೆಯುವ ರಾಜಾಸಾಬನನ್ನು ಹೋದ ತಿಂಗಳು ಕೇಳಿದ್ದರೆ, "ಧೂಳು" ಎಂದು ಹೇಳಿ ಕುದುರೆಯ ಬೆನ್ನು ತಟ್ಟುತ್ತಿದ್ದ. ನಲವತ್ತು ವರ್ಷ ಸ್ಟೇಷನ್ನಿನಿಂದ ಊರೊಳಗೆ, ಊರೊಳಗಿನಿಂದ ಸ್ಟೇಷನ್ನಿಗೆ ಜನರನ್ನು ಹೊತ್ತವನಿಗೆ ಊರು ಕಾಣುವುದಾದರೂ ಹೇಗೆ? ಕುದುರೆಯ ಎರಡು ಕಿವಿಗಳ ನಡುವೆ ಎಷ್ಟು ಕಾಣುತ್ತದೋ ಅಷ್ಟೇ ಅವನ ಕೊಪ್ಪಳ.

ಈಗ ಹನುಮಸಾಗರದಿಂದ ಕಾಗದ ಬಂದಿತ್ತು. ಮೊಮ್ಮಗಳು ಜುಬೇದಾ ಬರುತ್ತಾಳೆ, ಮೂರು ದಿನ ಇರುತ್ತಾಳೆ. ಅವಳ ಚಿಕ್ಕಪ್ಪ ಬಸ್ಸಿನಲ್ಲಿ ಕರೆತಂದು ಬಿಟ್ಟು, ತಾನು ಭತ್ತದ ವ್ಯಾಪಾರಕ್ಕೆ ಗಂಗಾವತಿಗೆ ಹೋಗಿ, ನಾಲ್ಕನೆಯ ದಿನ ಬೆಳಿಗ್ಗೆ ಬಂದು ಕರೆದುಕೊಂಡು ಹೋಗುತ್ತಾನೆ. ಹುಡುಗಿಗೆ ಹದಿನೈದು ತುಂಬಿದೆ, ಬಕ್ರೀದ್ ಕಳೆದ ಮೇಲೆ ನಿಕಾಹ್. ಕೂಸಾಗಿದ್ದಾಗ ಕೊಪ್ಪಳ ಬಿಟ್ಟವಳು ಮತ್ತೆ ಇಲ್ಲಿ ಕಾಲಿಟ್ಟಿಲ್ಲ. ರಾಜಾಸಾಬನೇ ವರ್ಷಕ್ಕೊಮ್ಮೆ ಹೋಗಿ, ಬೀಗರ ದೊಡ್ಡ ಮನೆಯ ಪಡಸಾಲೆಯಲ್ಲಿ ಅರ್ಧ ತಾಸು ಕೂತು, ಚಹಾ ಕುಡಿದು, ಮೊಮ್ಮಗಳ ತಲೆ ಮುಟ್ಟಿ ಬರುತ್ತಿದ್ದ.

ಕಾಗದ ಓದಿಸಿದ ದಿನದಿಂದ ಮುದುಕನ ತಲೆ ನೆಟ್ಟಗಿರಲಿಲ್ಲ. ಟಾಂಗಾ ಅಡ್ಡೆಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳುವುದೇ ಆಯಿತು. ಹದಿನೈದು ವರ್ಷದ ಹುಡುಗಿಗೆ ಏನು ತೋರಿಸಬೇಕು? ಒಬ್ಬ ಕೋಟೆ ಎಂದ. ಒಬ್ಬ ರೈಲು ಎಂದ. ಮತ್ತೊಬ್ಬ, ಮೈದಾನದಲ್ಲಿ ಡೇರೆ ಹಾಕಿ ಸಿನಿಮಾ ತೋರಿಸುವ ಬಾಯಸ್ಕೋಪಿನಲ್ಲಿ ಹೆಂಗಸರಿಗೆ ಬೇರೆ ಪರದೆ ಕಟ್ಟಿದ್ದಾರೆ ಎಂದ. ರಾಜಾಸಾಬ ಎಲ್ಲವನ್ನೂ ಬೆರಳಿನ ಗೆಣ್ಣುಗಳ ಮೇಲೆ ಎಣಿಸಿ ಇಟ್ಟುಕೊಂಡ. ಮೊದಲನೆಯ ದಿನ ರೈಲು. ಎರಡನೆಯ ದಿನ ಕೋಟೆ, ಆಮೇಲೆ ಬಜಾರು, ಬಳೆ. ಮೂರನೆಯ ದಿನ ಬಾಯಸ್ಕೋಪು. ಒಂದು ಗೆಣ್ಣೂ ಖಾಲಿ ಉಳಿಯದಂತೆ ನೋಡಿಕೊಂಡ.

ಅಷ್ಟಕ್ಕೇ ಸುಮ್ಮನಾಗಲಿಲ್ಲ. ಟಾಂಗಾಕ್ಕೆ ಹೊಸ ಪರದೆ ಹೊಲಿಸಿ, ಹುಡುಗಿ ಹೊರಗೆ ನೋಡಲೆಂದು ಅದರಲ್ಲಿ ಗೇಣುದ್ದದ ಸೀಳು ಬಿಡಿಸಿದ. ಹೊಲಿದುಕೊಟ್ಟವಳು ಗೋಡೆಗೆ ಗೋಡೆ ಹತ್ತಿದ ಮನೆಯ ಹಮೀದಾಬಿ. ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿದು ಬದುಕುವ ಒಂಟಿ ಮುದುಕಿ. ರಾಜಾಸಾಬನ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಹೆಣ್ಣಿಲ್ಲದ ಮನೆ ಎಂದು ಜುಬೇದಾ ಮಲಗುವುದು ಹಮೀದಾಬಿಯ ಮನೆಯಲ್ಲೇ ಎಂದು ಮಾತಾಗಿತ್ತು. ದಾರಿ ಎಷ್ಟು ಹೊತ್ತು ಹಿಡಿಯುತ್ತದೆ ನೋಡಬೇಕು ಎಂದು ಅವಳನ್ನೇ ಪರದೆಯ ಹಿಂದೆ ಕೂರಿಸಿಕೊಂಡು ಊರೆಲ್ಲ ಒಂದು ಸುತ್ತು ಹೊಡೆದ.

"ಏನ್ ಕಾಣತೈತಿ?" ಮುಂದಿನಿಂದ ಕೂಗಿದ.

"ಹಿಂದ ಬರೋ ನಾಯಿ," ಎಂದಳು ಹಮೀದಾಬಿ. "ಹುಡುಗೀಗೆ ಇದನ್ನ ತೋರಸಾಕ ಇಷ್ಟ್ ಕುಣ್ಯಾಕತ್ತೀಯೇನು?"

ಸ್ವಲ್ಪ ದೂರ ಹೋದ ಮೇಲೆ ಅವಳೇ ಮತ್ತೆ ಕೇಳಿದಳು. "ಸ್ಟೇಷನ್ನಿಗೆ ಈದ್ಗಾ ಕಡೀ ದಾರಿ ಹತ್ರ ಆಗತಿತ್ತಲ್ಲ. ಕೆರಿ ಸುತ್ತಿಸಿ ಯಾಕ ಒಯ್ಯಾಕತ್ತಿ?"

"ಕುದುರಿಗೆ ನೀರು ಕುಡಸಬೇಕು."

ಕುದುರೆ ಆಗಷ್ಟೇ ಒಂದು ಬಕೆಟ್ಟು ನೀರು ಕುಡಿದಿತ್ತು. ಹಮೀದಾಬಿ ಮುಂದೆ ಕೇಳಲಿಲ್ಲ. ಈದ್ಗಾದ ಮಗ್ಗುಲಲ್ಲೇ ಖಬರಸ್ತಾನ ಇರುವುದು ಅವಳಿಗೆ ಗೊತ್ತಿರದ ಸಂಗತಿಯೇನಲ್ಲ.

ಗೊತ್ತಿಲ್ಲದ್ದು ಬೇರೆ ಇತ್ತು. ಅದನ್ನು ರಾಜಾಸಾಬ ಯಾರಿಗೂ, ಹೆಂಡತಿಗೂ ಹೇಳಿರಲಿಲ್ಲ. ಮಗಳು ಫಾತಿಮಾಳನ್ನು ಯಾವ ಗುಂಡಿಯಲ್ಲಿ ಮಣ್ಣು ಮಾಡಿದ್ದಾರೆಂದು ಅವನಿಗೇ ಗೊತ್ತಿರಲಿಲ್ಲ.

ಅದು ಪ್ಲೇಗಿನ ವರ್ಷ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದ ಫಾತಿಮಾಳ ತೊಡೆಸಂದಿಯಲ್ಲಿ ಗಡ್ಡೆ ಎದ್ದಾಗ ಜುಬೇದಾ ನಲವತ್ತು ದಿನದ ಕೂಸು. ಊರು ಆಗಲೇ ಅರ್ಧ ಖಾಲಿಯಾಗಿ ಹೊಲಗಳಲ್ಲಿ ಗುಡಿಸಲು ಹಾಕಿತ್ತು. ಮಗಳೇ ಅಪ್ಪನಿಗೆ ಕೈ ಮುಗಿದಳು. "ಕೂಸನ್ನ ಇಲ್ಲಿಂದ ಒಯ್ಯಿ ಅಪ್ಪಾ. ನನ್ನ ಆಮ್ಯಾಲ ನೋಡೂವಂತಿ." ಅವನು ಹೆಂಡತಿಯ ಮಡಿಲಲ್ಲಿ ಕೂಸನ್ನು ಹಾಕಿ, ಕುಷ್ಟಗಿಯ ದಾರಿ ಹಿಡಿದು, ಹನುಮಸಾಗರದ ಬೀಗರ ಮನೆ ಮುಟ್ಟಿಸಿದ. ಹೆಂಡತಿಯನ್ನು ಕೂಸಿನ ಹತ್ತಿರವೇ ಬಿಟ್ಟು ಒಬ್ಬನೇ ಓಡಿ ಬರುವಷ್ಟರಲ್ಲಿ ಐದನೆಯ ದಿನ. ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಆ ವಾರ ಹನ್ನೊಂದು ಜನರನ್ನು ಮಣ್ಣು ಮಾಡಿದ್ದರಂತೆ. ಗುಂಡಿ ತೋಡಿ ಮಣ್ಣು ಮಾಡಿದ ಇಬ್ಬರೂ ಮುಂದಿನ ವಾರ ಅದೇ ರೋಗಕ್ಕೆ ಹೋದರು. ಯಾರನ್ನು ಕೇಳುವುದು? ಹೆಂಡತಿ ವಾಪಸು ಬಂದು ಕೇಳಿದಾಗ, "ಛಲೋ ಜಾಗಾ ಐತಿ, ಬೇವಿನ ಗಿಡದ ಕೆಳಗ," ಎಂದುಬಿಟ್ಟ. ಹೆಂಗಸರು ಖಬರಸ್ತಾನದ ಒಳಗೆ ಹೋಗುವ ಪದ್ಧತಿಯಿಲ್ಲ. ಅವಳು ಸಾಯುವವರೆಗೂ ಆ ಬೇವಿನ ಗಿಡವನ್ನು ನಂಬಿದ್ದಳು. ಇವನು ವರ್ಷಕ್ಕೊಮ್ಮೆ ಹೂವು ಒಯ್ದು, ಬಾಗಿಲಲ್ಲೇ ನಿಂತು, ಹನ್ನೊಂದು ಜನರಿಗೂ ಸೇರಿಸಿ ಸತ್ತವರ ಪ್ರಾರ್ಥನೆ ಫಾತಿಹಾ ಓದಿ ಬರುತ್ತಿದ್ದ. ಮಗಳನ್ನು ಬಿಟ್ಟು ಹೋದೆ ಎನ್ನುವುದು ಒಂದು ಸಂಕಟ. ಬಂದು ಹುಡುಕಲೂ ಆಗಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡದು.

ಈಗ ಅವಳ ಮಗಳು ಬರುತ್ತಾಳೆ. ಬಂದು, ನಮ್ಮಮ್ಮ ಎಲ್ಲಿ ಎಂದು ಕೇಳಿದರೆ? ಕೇಳುವುದಕ್ಕೆ ಪುರುಸೊತ್ತೇ ಕೊಡಬಾರದು. ರೈಲು, ಕೋಟೆ, ಬಳೆ, ಬಾಯಸ್ಕೋಪು ಎಲ್ಲ ಹುಟ್ಟಿದ್ದು ಅದಕ್ಕೇ.

ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುವ ಲಡಾಯಿ ಕಾಲದ ಬಸ್ಸು ಎರಡು ತಾಸು ತಡವಾಗಿ ಬಂತು. ಜುಬೇದಾ ಇಳಿದಳು. ಮುಖಕ್ಕೆಲ್ಲ ಮಸಿ, ಕಂಕುಳಲ್ಲಿ ಒಂದು ಗಂಟು. ಅದನ್ನು ತಾತನ ಕೈಗೂ ಕೊಡಲಿಲ್ಲ. ಸೆರಗು ಸರಿಮಾಡಿಕೊಳ್ಳುವಾಗ ಕತ್ತು ಬಾಗಿಸಿದ ರೀತಿ ಥೇಟ್ ಫಾತಿಮಾ. ರಾಜಾಸಾಬ ಕುದುರೆಯ ಲಗಾಮು ಬಿಗಿಮಾಡುವ ನೆವದಲ್ಲಿ ಆ ಕಡೆ ತಿರುಗಿ ನಿಂತ.

ಮನೆಗೆ ಬಂದವಳು ತಾತನನ್ನು ಮೊದಲು ಕೇಳಿದ್ದು, "ನಾನಾ, ಅಮ್ಮ ಎಷ್ಟು ಎತ್ರ ಇದ್ಲು?"

ಅವನು ಯೋಚನೆ ಮಾಡದೆ ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟ. "ಇಷ್ಟು. ಬಗ್ಗದ ಒಳಗ ಬಂದ್ರ ತಲಿ ಬಡೀತಿತ್ತು. ದಿನಾ ಬಡಸಿಕೋತಿದ್ಲು, ದಿನಾ ಬಾಗಲಕ್ಕ ಬೈತಿದ್ಲು."

ಹುಡುಗಿ ಚೌಕಟ್ಟಿನ ಕೆಳಗೆ ನಿಂತು ತನ್ನ ತಲೆ ಎಲ್ಲಿಗೆ ಬರುತ್ತದೆಂದು ನೋಡಿಕೊಂಡಳು. ನಾಲ್ಕು ಬೆರಳು ಕಡಿಮೆ. "ನಾನು ಸರೀಗೆ ಅಂದಾಜು ಮಾಡೀನಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ರಾಜಾಸಾಬನಿಗೆ ಅದೇನೆಂದು ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಅಂದು ಸಂಜೆ ಹೊಸಪೇಟೆಯ ರೈಲು ನೋಡಿದರು. ಇಂಜಿನ್ ಕೂಗಿದಾಗ ಜುಬೇದಾ ಹೆದರಿ ಹಮೀದಾಬಿಯ ರಟ್ಟೆ ಹಿಡಿದು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾರನೆಯ ದಿನ ಕೋಟೆ. ಅರ್ಧ ಮೆಟ್ಟಿಲಿಗೇ ಮುದುಕರಿಬ್ಬರೂ ಕೂತುಬಿಟ್ಟರು, ಅವಳೊಬ್ಬಳೇ ಮೇಲೆ ಹತ್ತಿ ಬಂದಳು. ಬಜಾರಿನಲ್ಲಿ ಹಸಿರು ಬಳೆ ಇಡಿಸಿಕೊಂಡಳು. ಎಲ್ಲದಕ್ಕೂ "ಭಾಳ ಛಂದ ಐತಿ ನಾನಾ," ಎಂದಳು. ಆ ಗಂಟು ಮಾತ್ರ ಬಿಚ್ಚಲಿಲ್ಲ. ಇನ್ನೊಂದೇ ದಿನ, ಪಾರಾದೆ ಎಂದುಕೊಂಡ ರಾಜಾಸಾಬ.

ಮೂರನೆಯ ದಿನ ಬೆಳಿಗ್ಗೆ ಅವನು ಬಾಯಸ್ಕೋಪಿನ ಮಾತೆತ್ತುವ ಮೊದಲೇ ಹುಡುಗಿ ಗಂಟನ್ನು ತಂದು ಅವನೆದುರು ಬಿಚ್ಚಿದಳು. ಗೋರಿಗೆ ಹೊದಿಸುವ ಒಂದು ಚಾದರ. ಲಡಾಯಿಯಲ್ಲಿ ಬಟ್ಟೆ ಎಲ್ಲಿ ಸಿಗುತ್ತದೆ? ತನ್ನ ಪಾಲಿನ ಕುಪ್ಪಸದ ತುಂಡುಗಳನ್ನು ಉಳಿಸಿ, ಹಸಿರು ಬಣ್ಣ ಹಾಕಿ, ಒಂದಕ್ಕೊಂದು ಕೂಡಿಸಿ, ಸುತ್ತಲೂ ಜರಿಯ ಅಂಚು ಕೂರಿಸಿದ್ದಳು.

"ಎರಡು ವರ್ಷ ಹೊಲದೀನಿ. ಆಳೆತ್ತರಕ್ಕ ಐತಿ ನೋಡು. ಲಗ್ನಕ್ಕ ಎಲ್ಲಾರಿಗೂ ಕರೆ ಹೋಗೂದರಾಗ ಮೊದಲು ಅಮ್ಮನ್ನ ಕರೀಬೇಕು. ಅದಕ್ಕ ಬಂದೀನಿ ನಾನಾ. ರೈಲು ನೋಡಾಕ ಅಲ್ಲ."

ರಾಜಾಸಾಬ ಬಾಯಿ ತೆರೆದ. ಹೆಂಗಸರು ಒಳಗೆ ಹೋಗಬಾರದು ಎಂದ.

"ನನಗ ಗೊತ್ತೈತಿ. ಗೋಡಿ ಹೊರಗ ನಿಂದರತೀನಿ. ನೀನು ಹೋಗಿ ಹೊದಸು. ನಾನು ಅಲ್ಲಿಂದನ ಕರೀತೀನಿ."

ರಾಜಾಸಾಬ ಎದ್ದು ಟಾಂಗಾ ಹೂಡಿದ. ನಿಜ ಹೇಳಬಹುದಿತ್ತು. ಹೇಳಬೇಕೆಂದು ದಾರಿಯುದ್ದಕ್ಕೂ ನಾಲಿಗೆ ತುದಿಗೆ ತಂದ. ಪರದೆಯ ಸೀಳಿನಿಂದ ಆ ಹುಡುಗಿ ಹಮೀದಾಬಿಗೆ, "ಅಮ್ಮಗ ಕೇಳಸತೈತೇನು ನಾನಿ?" ಎಂದು ಕೇಳುವುದು ಕಿವಿಗೆ ಬಿತ್ತು. ತುದಿಗೆ ಬಂದದ್ದನ್ನು ನುಂಗಿ ಕುದುರೆ ಹೊಡೆದ.

ಖಬರಸ್ತಾನದ ಗೋಡೆ ಎದೆಮಟ್ಟ. ಹಮೀದಾಬಿ, ಜುಬೇದಾ ಹೊರಗೆ ನಿಂತರು. ರಾಜಾಸಾಬ ಚಪ್ಪಲಿ ಬಿಟ್ಟು, ಚಾದರ ಎದೆಗೆ ಹಿಡಿದು ಒಳಗೆ ನಡೆದ. ಹೆಂಡತಿಯನ್ನು ಮಣ್ಣು ಮಾಡಿದ ದಿನ ಬಿಟ್ಟರೆ ಹದಿನೈದು ವರ್ಷದಲ್ಲಿ ಬಾಗಿಲು ದಾಟಿದ್ದು ಇದೇ ಮೊದಲು. ಪ್ಲೇಗಿನ ಮೂಲೆಯಲ್ಲಿ ಗೋರಿಗಳೆಂದು ಹೇಳುವುದೂ ಕಷ್ಟ. ಮಳೆಗೆ ಕರಗಿದ ದಿಬ್ಬಗಳು, ಜಾಲಿಮುಳ್ಳು, ಬಿದ್ದ ಕಲ್ಲುಗಳು. ಇಂಥದ್ದರ ಮುಂದೆ ನಿಂತು, ಇದೇ ನಿಮ್ಮಮ್ಮ ಎಂದು ಆ ಹುಡುಗಿಗೆ ಹೇಗೆ ತೋರಿಸುವುದು? ಅಷ್ಟರಲ್ಲಿ ಒಂದು ದಿಬ್ಬ ಕಂಡಿತು. ಸುತ್ತ ಮುಳ್ಳು ಕಿತ್ತಿದ್ದರು, ತಲೆಗಲ್ಲಿಗೆ ಸುಣ್ಣ ಹಚ್ಚಿದ್ದರು. ಯಾರದೋ. ಪುಣ್ಯವಂತರು. ರಾಜಾಸಾಬ ಅದರ ಮುಂದೆ ಮಂಡಿಯೂರಿದ. ಹೀಗಾದರೂ ತಾಯಿಯ ಗೋರಿ ಹಾಳುಬಿದ್ದಿಲ್ಲ ಎಂದು ಹುಡುಗಿ ನೆಮ್ಮದಿಯಿಂದ ಹೋಗಲಿ ಎಂದುಕೊಂಡ.

ಚಾದರ ಹೊದಿಸಿದ. ತಲೆಗಲ್ಲಿನಿಂದ ಎಳೆದುಕೊಂಡು ಬಂದರೆ ದಿಬ್ಬ ಮುಗಿದರೂ ಬಟ್ಟೆ ಮುಗಿಯಲಿಲ್ಲ. ಒಂದು ಮೊಳಕ್ಕಿಂತ ಹೆಚ್ಚು ಬರಿಯ ನೆಲದ ಮೇಲೆ ಬಿತ್ತು. ಅವನ ಕೈ ನಿಂತಿತು. ಇದು ಮಗುವಿನ ಗೋರಿ.

ತಲೆಯೆತ್ತಿ ಗೋಡೆಯ ಕಡೆ ನೋಡಿದ. ಹಮೀದಾಬಿಯ ಮುಖ ಸುಣ್ಣದ ಕಲ್ಲಿಗಿಂತ ಬೆಳ್ಳಗಾಗಿತ್ತು. ಆಗ ಅವನಿಗೆ ನೆನಪಾಯಿತು. ಅದೇ ವಾರ ಅವಳ ಮಗ ಮಹಿಬೂಬನೂ ಹೋಗಿದ್ದ. ಏಳು ವರ್ಷದ ಹುಡುಗ. ಅವಳು ಹೆಣದ ಹಿಂದೆಯೇ ಓಡಿಬಂದು, ಇದೇ ಗೋಡೆಗೆ ಆತು ನಿಂತು, ಗೋಡೆಯಿಂದ ಎಷ್ಟನೆಯದು ಎಂದು ಎಣಿಸಿಕೊಂಡಿದ್ದಳಂತೆ. ವರ್ಷಕ್ಕೊಂದು ಕೌದಿ ಹೊಲಿದುಕೊಟ್ಟು ಅಲ್ಲಿಯ ಫಕೀರನ ಕೈಯಿಂದ ಮುಳ್ಳು ಕೀಳಿಸಿ ಸುಣ್ಣ ಹಚ್ಚಿಸುತ್ತಿದ್ದವಳು ಅವಳೇ.

"ನಾನಿ," ಜುಬೇದಾ ಗೋಡೆಯ ಮೇಲೆ ಬಾಗಿ ನೋಡುತ್ತಿದ್ದಳು. "ಚಾದರ ಉದ್ದ ಆತಲ್ಲ. ಅಮ್ಮ ಎತ್ರ ಇದ್ಲು ಅಂದಿದ್ದ ನಾನಾ."

ರಾಜಾಸಾಬ ಕೂತಲ್ಲಿಂದ ಏಳಲಿಲ್ಲ. ಭೂಮಿ ಬಾಯಿ ತೆರೆದರೆ ಸಾಕು ಎನ್ನಿಸಿತು ಅವನಿಗೆ. ಒಂದು ಮಾತು, ಹಮೀದಾಬಿ ಒಂದೇ ಒಂದು ಮಾತು ಆಡಿದರೆ ಮುಗಿಯಿತು. ಅದು ಅವಳ ಹಕ್ಕು. ಅವಳಿಗೆ ಈ ಭೂಮಿಯ ಮೇಲೆ ಉಳಿದಿದ್ದದ್ದೇ ಅಷ್ಟು ಜಾಗ.

ಹಮೀದಾಬಿ ಆ ಸುಣ್ಣದ ಕಲ್ಲಿನಿಂದ ಕಣ್ಣು ಕಿತ್ತು ಈ ಕಡೆ ತಿರುಗಿದಳು. ಆಮೇಲೆ ಹುಡುಗಿಯ ಬಳೆಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎತ್ರನ ಇದ್ಲವ್ವಾ. ಮಣ್ಣು ಮಳಿಗೆ ಕರಗತೈತಿ. ಹದಿನೈದು ಮಳಿಗಾಲ ಆದ್ವು. ನಿಮ್ಮಮ್ಮ ಅಲ್ಲೇ ಅದಾಳ. ಕರಿ, ಕೇಳಸತೈತಿ."

ಜುಬೇದಾ ಕರೆದಳು. ನಿಕಾಹ್ ಯಾವ ದಿನ, ಹುಡುಗ ಯಾವ ಊರಿನವನು, ಏನು ಮಾಡುತ್ತಾನೆ ಎಂದು ಎಲ್ಲವನ್ನೂ ಗೋಡೆಯಾಚೆಯಿಂದ ಸಣ್ಣ ದನಿಯಲ್ಲಿ ಹೇಳಿದಳು. "ನೀನು ಬರಬೇಕಮ್ಮಾ," ಎಂದಳು. ಅಳಲಿಲ್ಲ. ಅವಳ ಪಾಲಿನದನ್ನೂ ಸೇರಿಸಿ ಮುದುಕರಿಬ್ಬರೂ ಅತ್ತರು. ಹುಡುಗಿ ಅದನ್ನು ತನ್ನ ತಾಯಿಗಾಗಿ ಎಂದುಕೊಂಡು, ಹಮೀದಾಬಿಯ ಕಣ್ಣನ್ನು ತನ್ನ ಸೆರಗಿನಿಂದ ಒರೆಸಿದಳು.

ಬಾಯಸ್ಕೋಪಿಗೆ ಯಾರೂ ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಬಂದ, ಬಸ್ಸು ಹೊಗೆ ಬಿಟ್ಟಿತು, ಹಸಿರು ಬಳೆಯ ಕೈ ಕಿಟಕಿಯಿಂದ ಬೀಸುತ್ತ ಕುಷ್ಟಗಿಯ ದಾರಿಯಲ್ಲಿ ಮರೆಯಾಯಿತು.

ಹಮೀದಾಬಿಯನ್ನು ಪರದೆಯ ಹಿಂದೆ ಕೂರಿಸಿಕೊಂಡು ವಾಪಸು ಬರುವಾಗ ರಾಜಾಸಾಬ ಹತ್ತಿರದ ದಾರಿಯನ್ನೇ ಹಿಡಿದ. ಈದ್ಗಾದ ಹತ್ತಿರ ಕುದುರೆ ನಿಲ್ಲಿಸಿದ. ಹಿಂದೆ ತಿರುಗುವ ಧೈರ್ಯವಾಗಲಿಲ್ಲ. ಎಲ್ಲವನ್ನೂ ಕುದುರೆಯ ಕಿವಿಗಳಿಗೆ ಹೇಳಿದ. ಕೂಸನ್ನು ಒಯ್ದದ್ದು, ಐದನೆಯ ದಿನ ಬಂದದ್ದು, ಹೆಂಡತಿಗೆ ಹೇಳಿದ ಬೇವಿನ ಗಿಡ. "ನಿನ್ನ ಮಗಂದು ಅಂತ ಗೊತ್ತಿರಲಿಲ್ಲ ಹಮೀದಾ. ಖುದಾನ ಆಣಿ. ಈಗ ಹೋಗಿ ಚಾದರ ತಗದು ಬರತೀನಿ."

ಪರದೆ ಸರಿದ ಸದ್ದಾಯಿತು.

"ತಗೀಬ್ಯಾಡ," ಎಂದಳು ಹಮೀದಾಬಿ. "ಅವನನ್ನ ಒಯ್ಯೂ ದಿನ ಚಳಿ ಭಾಳ ಇತ್ತು. ಹೊದಸಾಕ ನನ್ನ ಮನ್ಯಾಗ ಏನೂ ಉಳದಿರಲಿಲ್ಲ, ಪ್ಲೇಗಿನ ಮನಿ ಅಂತ ಅರಿಬಿ ಎಲ್ಲಾ ಸುಟ್ಟಿದ್ರು. ಊರಿಗೆಲ್ಲಾ ಕೌದಿ ಹೊಲದೆ, ನನ್ನ ಕೂಸು ಬರೇ ಮೈಯಾಗ ಹೋತು." ಮತ್ತೆ ಅವಳೇ ಹೇಳಿದಳು. "ಆ ಹುಡುಗಿ ಮತ್ತ ಬರತಾಳ. ಮಕ್ಕಳನ್ನ ಕರಕೊಂಡು ಬರತಾಳ. ಅವರಿಗೂ ಅಲ್ಲೇ ತೋರಸು. ನಡಿ, ಕುದುರಿ ಹೊಡಿ."

ಮುಂದೆಯೂ ವರ್ಷ ವರ್ಷ ಮುಳ್ಳು ಕೀಳಿಸಿ, ಸುಣ್ಣ ಹಚ್ಚಿಸಿದವಳು ಹಮೀದಾಬಿಯೇ. ಫಕೀರನಿಗೂ ಇನ್ನು ಮೇಲೆ ಅದನ್ನು ಫಾತಿಮಾಳ ಗೋರಿ ಎಂದೇ ಕರೆಯಲು ಹೇಳಿದಳು. ನಿನ್ನ ಮಗನದು ಎಲ್ಲಿ ಎಂದು ಯಾರಾದರೂ ಕೇಳಿದರೆ, "ಪ್ಲೇಗಿನ ವರ್ಷದಾಗ ಯಾರ್ದು ಎಲ್ಲೈತಿ ಅಂತ ಯಾರಿಗೆ ಗೊತ್ತು," ಎಂದು ಸೂಜಿಗೆ ದಾರ ಪೋಣಿಸುತ್ತಿದ್ದಳು.