ಸೀಮೆಯಾಚೆಯ ಕೈ

ನೇಯಲು ಮಗ್ಗದ ಗುಂಡಿಗೆ ಇಳಿಯುವುದಕ್ಕೂ ಅಪ್ಪಣೆ ಬೇಕೇ ಎಂದು ಕೇಳಬೇಡಿ. ಮೊಳಕಾಲ್ಮೂರಿನ ನೇಕಾರರ ಕಟ್ಟೆಯಲ್ಲಿ, ಅಂದರೆ ಅವರ ಕುಲದ ಪಂಚಾಯ್ತಿಯಲ್ಲಿ, ಆ ಕಾಲಕ್ಕೆ ಕೆಮ್ಮುವುದೊಂದನ್ನು ಬಿಟ್ಟು ಎಲ್ಲಕ್ಕೂ ಅಪ್ಪಣೆ ಬೇಕಿತ್ತು. ಇತ್ತ ಮಹಾರಾಜರ ಮೈಸೂರು ಸೀಮೆ. ಅತ್ತ ನಾಲ್ಕು ಹರದಾರಿ ನಡೆದರೆ ರಾಯದುರ್ಗ, ಇಂಗ್ಲಿಷರ ಸೀಮೆ. ಆಚೆಯಿಂದ ಬಂದವನು ಅಲ್ಲಿನ ಕಟ್ಟೆಯ ಬಿಡುಗಡೆ ಚೀಟಿ ತಂದು, ಇಲ್ಲಿನ ಯಜಮಾನನ ಕೈಯಿಂದ ಒಪ್ಪಿಗೆಯ ವೀಳ್ಯ ಪಡೆಯಬೇಕು. ಪಡೆಯದೆ ಲಾಳಿ ಮುಟ್ಟಿದರೆ ಮಗ್ಗದ ಹಗ್ಗವನ್ನೇ ಕೊಯ್ದು ಹಾಕುತ್ತಿದ್ದರು.

ಸಿದ್ದಕ್ಕನ ಗಂಡ ಸೂರಪ್ಪ ಹಾಗೆ ಆಚೆಯಿಂದ ಬಂದ ಮನೆ ಅಳಿಯ. ಗಂಡುಮಕ್ಕಳಿಲ್ಲದ ಅವಳಪ್ಪ ಮಗ್ಗ ನಿಲ್ಲಬಾರದೆಂದು ಅವನನ್ನು ತಂದ. ವೀಳ್ಯ ಕೊಡಿಸುವ ಮೊದಲೇ ಕಣ್ಣು ಮುಚ್ಚಿದ. ರೇಷ್ಮೆಯ ಸೆರಗಿನಲ್ಲಿ ಹಂಸ ತೇಲಿಸುವ ಗಂಡಸು ಐದು ತಿಂಗಳು ಕಲ್ಲು ಹೊತ್ತ. ಮನೆಯಲ್ಲಿ ದಿನಕ್ಕೊಂದೇ ಹೊತ್ತು ಅಂಬಲಿ. ಊರಿನವರು ‘ತೆಲುಗು ಅಳಿಯ’ ಎಂದು ನಗುತ್ತಿದ್ದರು, ತಾವು ಸಂತೆಯಲ್ಲಿ ತೆಲುಗಿನಲ್ಲೇ ಚೌಕಾಸಿ ಮಾಡುವುದನ್ನು ಮರೆತು.

ಸಿದ್ದಕ್ಕ ಕೈಕಟ್ಟಿ ಕೂರುವವಳಲ್ಲ. ಎರಡು ದಿನ ನಡೆದು ಚಳ್ಳಕೆರೆಯ ಕಚೇರಿಗೆ ಹೋದಳು. “ಕಟ್ಟೆ ಕಟ್ಟಳೆಗೆ ಸರ್ಕಾರ ಕೈ ಹಾಕಲ್ಲಮ್ಮ” ಎಂದು ಗುಮಾಸ್ತ ಸಾಗಹಾಕಿದ. ಅಲ್ಲಿಂದ ರಾಯದುರ್ಗ. ಮೂರನೆಯ ಸಲ ಕಾಲು ಹಿಡಿದಾಗ ಅಲ್ಲಿನ ಮುದಿ ಯಜಮಾನ ಕರಗಿ, ಚೀಟಿ ಬರೆಸಿ, ಕೆಳಗಿನ ಮೂಲೆಯಲ್ಲಿ ರುಜು ಹಾಕಿದ. ಇನ್ನು ಸೂರಪ್ಪನ ಹೆಸರು ತಮ್ಮ ಕಟ್ಟೆಯಿಂದ ಹೋಯಿತು, ಮತ್ತೆ ಬಂದರೆ ಅವನ್ಯಾರೋ ತಾವ್ಯಾರೋ ಎಂದು ತೆಲುಗಿನಲ್ಲಿ ಹೇಳಿಯೇ ಕಳಿಸಿದ.

ಮನೆಗೆ ಬಂದವಳು ಏನು ಮಾಡಿದಳು ಗೊತ್ತೇ? ಶುಭದ ಕಾಗದ ಬರಿದಾಗಿ ಇರಬಾರದೆಂದು ಲಗ್ನಪತ್ರಿಕೆಗೆ ಹಚ್ಚುವ ಹಾಗೆ ಅರಿಸಿನ ಕಲಸಿ ನಾಲ್ಕು ಮೂಲೆಗೂ ಬಳಿದಳು. ಹಿಗ್ಗಿನಲ್ಲಿ ಕೈ ಧಾರಾಳವಾಗಿತ್ತು. ಓದು ಬಾರದವಳಿಗೆ ಎಲ್ಲ ಮೂಲೆಯೂ ಒಂದೇ, ಪಾಪ.

ಮರುದಿನ ಕಟ್ಟೆಯಲ್ಲಿ ಯಜಮಾನ ಜಂಬುಲಿಂಗಪ್ಪ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

“ರುಜು ಎಲ್ಲೈತಮ್ಮ?”

“ಕೆಳಗಡೆ ಐತೆ ನೋಡ್ರಿ.”

“ಕೆಳಗಡೆ ಅರಿಸಿನ ಐತೆ. ಮಸಿ ಕಲಸಿ ಹೋಗೈತೆ. ಇಂಥ ಚೀಟಿ ಯಾರಾದ್ರೂ ಬರೆಸ್ಕಂಡು ಬರಬೌದು.”

ಸಿದ್ದಕ್ಕ ಎರಡೂ ಕೈ ಮುಂದೆ ಚಾಚಿದಳು. “ಹಚ್ಚಿದ್ದು ನಾನ್ರೀ! ನನ್ ಕೈ ಕಡೀರಿ. ಅವನ ಕೈ ಯಾಕ್ ಕಟ್ಟಾಕ್ತೀರಿ?”

“ನಿಂಗೊಬ್ಬಳಿಗೆ ಬಿಟ್ರೆ ನಾಳೆ ನೂರು ಜನ ಬರ್ತಾರೆ” ಎಂದ ಜಂಬುಲಿಂಗಪ್ಪ. ಕೆಟ್ಟವನಲ್ಲ, ಕಟ್ಟಳೆಗೆ ಹೆದರುವವನು. ಅಂಥವರೇ ಹೆಚ್ಚು ಅಪಾಯ.

ಸೂರಪ್ಪ ಅವತ್ತೇ ರಾಯದುರ್ಗಕ್ಕೆ ಓಡಿದ. ಮುದುಕ ಬಾಗಿಲು ತೆಗೆಯಲಿಲ್ಲ. ಎರಡು ಸೀಮೆಯಲ್ಲೂ ತನ್ನವನೆನ್ನುವ ಕಟ್ಟೆಯಿಲ್ಲದೆ ಅವನು ಹಿಂದಿರುಗಿದ. “ನನ್ನ ಬಿಟ್ಬಿಡು ಸಿದ್ದೀ, ಎಲ್ಲಾದ್ರೂ ಹೋಗ್ತೀನಿ” ಎಂದಾಗ ಅವಳು ಎದ್ದಳು. ಸೆರಗು ಬಿಗಿದು ಮತ್ತೆ ಕಟ್ಟೆಗೆ ಹೋದಳು.

“ಮಗ್ಗ ನಮ್ಮಪ್ಪಂದು. ನಾನು ಈ ಕಟ್ಟೆ ಮಗಳು. ನಾನೇ ಕೂತ್ರೆ ಯಾರ ಅಪ್ಪಣೆ ಬೇಕ್ರೀ?”

ಹಿರಿಯರು ನಕ್ಕರು. ನೂಲು ಸುತ್ತುವ ಹೆಂಗಸು ಗುಂಡಿಗಿಳಿಯುವುದೆಂದರೇನು! ಆಮೇಲೆ ಕಟ್ಟಳೆ ಹುಡುಕಿದರು. ಅಂಥದ್ದನ್ನು ಯಾರೂ ಕನಸಿನಲ್ಲೂ ನೆನೆಸಿರಲಿಲ್ಲವಾಗಿ ಬೇಡವೆನ್ನುವ ಕಟ್ಟಳೆಯೂ ಇರಲಿಲ್ಲ.

“ಕೂತ್ಕ” ಎಂದ ಯಜಮಾನ. “ಆದ್ರೆ ಅವನ ಬೆರಳು ಎಳೆಗೆ ತಗಲಿದ್ರೆ ಹಗ್ಗ ಕೊಯ್ತೀವಿ.” ನೋಡಿಕೊಳ್ಳಲು ಚಿಕ್ಕೀರಪ್ಪ ಎಂಬ ಕಟ್ಟೆಯಾಳನ್ನು ಅವಳ ಮನೆ ಜಗಲಿಯಲ್ಲಿ ಕೂರಿಸಿದ.

ಸಿದ್ದಕ್ಕ ಗುಂಡಿಗಿಳಿದಳು. ಪಕ್ಕದಲ್ಲಿ ನಿಂತ ಸೂರಪ್ಪ ಬಾಯಲ್ಲೇ ಕಲಿಸಿದ: “ಎಡಗಾಲು ಒತ್ತು. ಲಾಳಿ ಬಿಡು. ಈಗ ಬಡಿ.” ಮಧ್ಯಾಹ್ನದ ಹೊತ್ತಿಗೆ ಎರಡು ಬೆರಳಗಲ ನೇಯ್ದಳು, ಅದೂ ಸೊಟ್ಟ. ಅಷ್ಟರಲ್ಲಿ ಪಟ್ಟನೆ ಎಳೆಯೊಂದು ಹರಿಯಿತು. ಸೂರಪ್ಪನಿಗೆ ತಾನೆಲ್ಲಿದ್ದೇನೆಂಬುದೇ ಮರೆತುಹೋಯಿತು. ಹರಿದ ಎಳೆಯ ಕಡೆಗೆ ಅವನ ಕೈ ತಾನಾಗಿ ಚಾಚಿಕೊಂಡಿತು. ಜಗಲಿಯಲ್ಲಿ ಚಿಕ್ಕೀರಪ್ಪ ಎದ್ದು ನಿಂತ.

ಆ ಕೈಗೆ ನೂಲು ಮುಟ್ಟಿಸಬೇಕೆಂದು ಊರೂರು ಅಲೆದು ಕಂಡವರ ಕಾಲಿಗೆ ಬಿದ್ದವಳು, ಅದೇ ಕೈ ಮೇಲೆ ಪಟೀರನೆ ಹೊಡೆದಳು.

ಸೂರಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಗಂಟು ಬಿಗಿಯಾಗಿ ಹಾಕಬೇಡ, ಹರಿದೋಗ್ತೈತೆ” ಎಂದ. ಅವಳಿಗೆ ಎಳೆ ಕಾಣಿಸುತ್ತಿರಲಿಲ್ಲ.